ಇನ್ನಷ್ಟು ಬಿಗಿ ಮಾಡಿದರೆ ಆಗದೇ?

ಪ್ರೀತಿಯ ಗೆಳತಿ,

ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲೂ ಮಗಳನ್ನು ದಾವಣಗೆರೆಗೆ ಕರೆದೊಯ್ದು ಹಲ್ಲಿಗೆ ಕ್ಲಿಪ್ ಹಾಕಿಸಿದೆಯಲ್ಲ, ತುಂಬ ಸಂತೋಷವಾಯಿತು. ಬಸವಾಪಟ್ಟಣದಿಂದ ಅಷ್ಟು ದೂರ ಬಸ್ಸಿನಲ್ಲಿ ಹೋದರೆ ಡಾಕ್ಟರು ತಂತಿಯನ್ನು ಒಂಚೂರು ಮುಟ್ಟಿ ಕಳಿಸುತ್ತಾರೆ, ಇನ್ನಷ್ಟು ಬಿಗಿ ಮಾಡಿದರೆ ಬೇಗ ಮುಗಿಯುವುದಿಲ್ಲವೇ ಎಂದು ಕೇಳಿದ್ದೀಯ. ಈ ಪ್ರಶ್ನೆಗೇ ಆಯುಷ್ಯ ಕೊಟ್ಟ ಒಬ್ಬ ಮೇಷ್ಟರ ಬಗ್ಗೆ ಹೇಳುತ್ತೇನೆ.

ರವೀಂದ್ರ ನಂದಾ ಹುಟ್ಟಿದ್ದು 1943ರಲ್ಲಿ, ಲಾಯಲ್‌ಪುರದಲ್ಲಿ. ನಾಲ್ಕೇ ವರ್ಷಕ್ಕೆ ಆ ಊರು ಪಾಕಿಸ್ತಾನಕ್ಕೆ ಸೇರಿತು. ಈಗ ಅದು ಫೈಸಲಾಬಾದ್. ದಂತವೈದ್ಯಕೀಯ ಓದಿದ್ದು ಲಕ್ನೋದಲ್ಲಿ. ನೆದರ್ಲೆಂಡ್ಸಿನ ನೈಮೇಗನ್‌ನಲ್ಲಿ 1969ರಲ್ಲಿ ಪಿಎಚ್‌ಡಿ ಪಡೆದು, ಷಿಕಾಗೋದಲ್ಲಿ ಸ್ವಲ್ಪ ಕಾಲ ಪಾಠ ಮಾಡಿ, 1972ರಲ್ಲಿ ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯ ಸೇರಿದರು. ಅಲ್ಲೇ ನೆಲೆನಿಂತು, ಹಲ್ಲು ಸರಿಪಡಿಸುವ ವಿದ್ಯೆಯಾದ ಆರ್ಥೊಡಾಂಟಿಕ್ಸ್ ವಿಭಾಗದ ಮುಖ್ಯಸ್ಥರಾದರು. ಅಣ್ಣ ರಾಮ್ ನಂದಾ ಕೂಡ ಇದೇ ವಿದ್ಯೆಯವರು, ಓಕ್ಲಹೋಮಾದಲ್ಲಿ ಪ್ರಾಧ್ಯಾಪಕರಾಗಿದ್ದರು.

ಕನೆಕ್ಟಿಕಟ್‌ನಲ್ಲಿ ಆಗ ಚಾರ್ಲ್ಸ್ ಬರ್ಸ್ಟೋನ್ ಇದ್ದರು. ಹಲ್ಲು ಸರಿಸುವ ಕೆಲಸವನ್ನು ಬರೀ ಕೈಚಳಕಕ್ಕೆ ಬಿಡದೆ, ಯಾವ ತಂತಿ ಎಷ್ಟು ಗ್ರಾಂ ಬಲ ಕೊಡುತ್ತದೆ, ಹಲ್ಲು ಎತ್ತ ವಾಲುತ್ತದೆ ಎಂದು ಲೆಕ್ಕ ಹಾಕಿದವರು. ಪರದೇಶಕ್ಕೆ ಹೋದವನಿಗೆ ಅಂಥವರ ಒಡನಾಟ ಸಿಗುವುದು ದೊಡ್ಡ ಭಾಗ್ಯವೆಂದೇ ನನ್ನ ಭಾವನೆ. ಆ ಲೆಕ್ಕವನ್ನೇ ಮುಂದುವರಿಸಿ ನಂದಾ 1997ರಲ್ಲಿ ‘ಬಯೋಮೆಕ್ಯಾನಿಕ್ಸ್ ಇನ್ ಕ್ಲಿನಿಕಲ್ ಆರ್ಥೊಡಾಂಟಿಕ್ಸ್’ ಪುಸ್ತಕ ತಂದರು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 1998ರಲ್ಲಿ ಅವರು ಸಹೋದ್ಯೋಗಿಗಳೊಂದಿಗೆ ಪ್ರಕಟಿಸಿದ ‘ಕನೆಕ್ಟಿಕಟ್ ಇಂಟ್ರೂಷನ್ ಆರ್ಚ್’. ನಿನ್ನ ಮಗಳ ಹಾಗೆಯೇ ಮೇಲಿನ ಹಲ್ಲು ಕೆಳಗಿನವನ್ನು ಪೂರ್ತಿ ಮುಚ್ಚಿಬಿಡುವವರಿಗಾಗಿ ಮಾಡಿದ್ದು. ನಿಕಲ್ ಟೈಟಾನಿಯಂ ತಂತಿ. ದವಡೆ ಹಲ್ಲಿನ ಹತ್ತಿರ ಮೊದಲೇ ಒಂದು ಬಾಗು. ಕಟ್ಟದೆ ಬಿಟ್ಟರೆ ತಂತಿಯ ಮುಂಭಾಗ ಒಸಡಿನ ಮೇಲಕ್ಕೆ ಹೋಗಿ ನಿಲ್ಲುತ್ತದೆ. ಅದನ್ನು ಕೆಳಗೆಳೆದು ಮುಂದಿನ ನಾಲ್ಕು ಹಲ್ಲಿಗೆ ಕಟ್ಟುತ್ತಾರೆ. ತನ್ನ ಜಾಗಕ್ಕೆ ಮರಳಲು ಹವಣಿಸುವ ತಂತಿ ಹಲ್ಲುಗಳನ್ನು ಮೂಳೆಯೊಳಕ್ಕೆ ಒತ್ತುತ್ತಲೇ ಇರುತ್ತದೆ. ಎಷ್ಟು ಬಲ ಗೊತ್ತೇ? ನಾಲ್ಕೂ ಹಲ್ಲಿಗೆ ಸೇರಿ ಸುಮಾರು 40ರಿಂದ 60 ಗ್ರಾಂ, ಒಂದು ಕೋಳಿಮೊಟ್ಟೆಯ ತೂಕ!

ಹಲ್ಲಿಗೂ ಮೂಳೆಗೂ ನಡುವೆ ನಾರಿನ ತೆಳು ಪದರವಿದೆ. ಹದವಾಗಿ ಒತ್ತಿದರೆ ಒತ್ತಡ ಬಿದ್ದ ಕಡೆ ಮೂಳೆ ಕರಗುತ್ತದೆ, ಎಳೆತ ಬಿದ್ದ ಕಡೆ ಹೊಸದು ಬೆಳೆಯುತ್ತದೆ. ಜೋರು ಮಾಡಿದರೆ ಆ ಪದರದಲ್ಲಿ ರಕ್ತ ಓಡಾಡದೆ ಹಲ್ಲು ವಾರಗಟ್ಟಲೆ ಕದಲುವುದಿಲ್ಲ, ಬೇರೂ ಸವೆಯಬಹುದು. ತಿಂಗಳಿಗೆ ಸುಮಾರು 1 ಮಿಲಿಮೀಟರ್ ಸರಿದರೆ ಅದೇ ಒಳ್ಳೆಯ ವೇಗ.

ಹಾಗಾಗಿ ಡಾಕ್ಟರ ಮೇಲೆ ಬೇಸರ ಬೇಡ. ಚಕ್ಕುಲಿ, ಹುರಿಗಡಲೆ ಸದ್ಯಕ್ಕೆ ದೂರವಿರಲಿ, ಪ್ರತಿ ಊಟದ ನಂತರ ಬ್ರಷ್ ಮಾಡಿಸು. ಮುಂದಿನ ಸಲ ಹೋದಾಗ ಮಗಳಿಗೆ ಯಾವ ತಂತಿ ಹಾಕಿದ್ದಾರೆಂದು ಕೇಳಿ ನನಗೆ ಬರೆ.

ನಿನ್ನವಳು