ಬೆಂಗಳೂರಿಗೆ ಹೋದ ನೀರು

‘ರಸ’ವೆಂದೊಡನೆ ನನಗೆ ನೆನಪಾಗುವುವು ಶೃಂಗಾರ, ಕರುಣ, ಹಾಸ್ಯ, ನನ್ನ ತಂಗಿಗೆ ನೆನಪಾಗುವುದು ಗಂಧಕಾಮ್ಲ. ಒಂದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ, ಕೂಡ್ಲಿಗಿ ಸೀಮೆಯ ಒಂದೇ ಕೊಳವೆಬಾವಿಯ ನೀರು ಕುಡಿದು ಬೆಳೆದ ನಾವು ಇಷ್ಟು ಬೇರೆಯಾದುದು ಹೇಗೆಂಬುದು ನಮ್ಮ ತಾಯಿಗೆ ಇಂದಿಗೂ ಬಿಡಿಸಲಾಗದ ಒಗಟು. ನಾನು ಹಗರಿಬೊಮ್ಮನಹಳ್ಳಿಯಲ್ಲಿ ಹುಡುಗರಿಗೆ ಪಂಪನನ್ನು ಪಾಠ ಹೇಳುತ್ತೇನೆ. ಆಕೆ ಐದು ವರ್ಷಗಳಿಂದ ಬೆಂಗಳೂರಿನಲ್ಲಿ ರಸಾಯನಶಾಸ್ತ್ರದ ಡಾಕ್ಟರೇಟಿಗಾಗಿ ದುಡಿಯುತ್ತಿದ್ದಾಳೆ. (ಡಾಕ್ಟರೇಟಿಗೆ ನಾನೂ ಒಮ್ಮೆ ಹೆಸರು ಬರೆಸಿದ್ದೆ. ಆ ಕಡತ ಈಗ ಟ್ರಂಕಿನಲ್ಲಿದೆ. ಆ ಮಾತು ಇಲ್ಲಿ ಬೇಡ.)

ಕತೆಯೆಲ್ಲ ಇರುವುದು ಆ ಕೊಳವೆಬಾವಿಯ ನೀರಿನಲ್ಲಿಯೇ. ನಮ್ಮ ತಂದೆಯವರು ನಕ್ಕರೆ ಹಲ್ಲಿನ ಮೇಲೆ ಕಂದುಬಣ್ಣದ ಗೆರೆಗಳು ಕಾಣುತ್ತವೆ. ಚಿಕ್ಕಂದಿನಲ್ಲಿ ಅವನ್ನು ಎಲೆಅಡಿಕೆಯ ಕಲೆಯೆಂದೇ ತಿಳಿದಿದ್ದೆವು. ತಂದೆಯವರು ಎಲೆಅಡಿಕೆ ಹಾಕುವವರೇ ಅಲ್ಲವೆಂಬುದು ನಮಗೆ ಹೊಳೆದಿರಲಿಲ್ಲ! ಈಗ ಅರವತ್ತು ದಾಟಿದ ಮೇಲೆ ಅವರ ಕತ್ತು ತಿರುಗುವುದಿಲ್ಲ. ಹಿಂದಿನಿಂದ ಯಾರಾದರೂ ಕೂಗಿದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಾರೆ.

ಇದು ಫ್ಲೋರೈಡಿನ ಕೆಲಸವೆಂದು ನಮ್ಮ ಮನೆಯಲ್ಲಿ ಮೊದಲು ಹೇಳಿದವಳು ತಂಗಿ. ನಮ್ಮ ನೆಲದಡಿಯ ಗ್ರಾನೈಟ್ ಕಲ್ಲಿನಲ್ಲಿ ಫ್ಲೋರೈಡ್ ಉಳ್ಳ ಖನಿಜಗಳಿವೆ; ನೀರು ಕಾಲಾಂತರದಲ್ಲಿ ಅವನ್ನು ಕರಗಿಸಿಕೊಳ್ಳುತ್ತದೆ. ಬಾವಿ ಆಳಕ್ಕಿಳಿದಷ್ಟೂ ಕಲ್ಲಿನೊಡನೆ ನೀರಿನ ಸಹವಾಸ ದೀರ್ಘವಾಗುವುದುಂಟು. ಎಲುಬು, ಹಲ್ಲುಗಳ ಖನಿಜದಲ್ಲಿ ಹೈಡ್ರಾಕ್ಸಿಲ್ ಎಂಬುದೊಂದು ಅಯಾನು ಇರುತ್ತದಂತೆ. ಫ್ಲೋರೈಡಿನ ಗಾತ್ರವೂ ವಿದ್ಯುದಂಶವೂ ಹೆಚ್ಚುಕಡಮೆ ಅದರಂತೆಯೇ ಇರುವುದರಿಂದ, ಬಾಡಿಗೆಗೆ ಬಂದವನು ಮನೆಯೊಡೆಯನನ್ನು ಹೊರಹಾಕಿ ಕುಳಿತಂತೆ ಅದು ಅಲ್ಲಿ ನೆಲೆಯೂರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ನಮ್ಮ ಬಾವಿಯಲ್ಲಿ ಆಕೆ ಅಳೆದಾಗ ಸಿಕ್ಕಿದ್ದು 3ಕ್ಕೂ ಮಿಗಿಲು. ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಈ ರೋಗವಿದೆಯೆಂದು ವೈದ್ಯರು 1937ರಲ್ಲಿಯೇ ವರದಿ ಬರೆದಿದ್ದರು. ಆಗ ನಮ್ಮ ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳೂ ಅದೇ ಪ್ರಾಂತಕ್ಕೆ ಸೇರಿದ್ದುವು. 1953ರಲ್ಲಿ ನಾವು ಮೈಸೂರಿಗೆ ಬಂದೆವು, ನೀರು ಮಾತ್ರ ಬದಲಾಗಲಿಲ್ಲ. ಊರಿನಲ್ಲಿ ಈಗ ನಾಣ್ಯ ಹಾಕಿದರೆ ಶುದ್ಧ ನೀರು ಕೊಡುವ ಘಟಕವೊಂದಿದೆ. ಅದು ಕೆಟ್ಟು ನಿಂತಾಗ ಮತ್ತೆ ಅದೇ ಬಾವಿ.

ತಂಗಿ ಸಿದ್ಧಪಡಿಸುತ್ತಿರುವುದು ಫ್ಲೋರೈಡನ್ನು ಹಿಡಿದಿಡುವ ಒಂದು ಪುಡಿ. ಅದರ ಬೇರು ಅಲ್ಯೂಮಿನಿಯಂ ಆಕ್ಸೈಡಿನಲ್ಲಿದೆ. ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳಿರುವುದರಿಂದ ಒಂದು ಚಮಚೆ ಪುಡಿಯ ಮೇಲ್ಮೈಯನ್ನು ಹರಡಿದರೆ ನಮ್ಮ ಕಣವನ್ನೇ ಮುಚ್ಚಬಹುದೆನ್ನುತ್ತಾಳೆ. ಹೀಗೆ ರಂಧ್ರಮಯವಾದ ಲೋಹ-ಸಾವಯವ ಚೌಕಟ್ಟುಗಳನ್ನು ರೂಪಿಸಿದ ಕಿಟಗಾವ, ರಾಬ್ಸನ್, ಯಾಘಿ ಎಂಬ ಮೂವರಿಗೆ 2025ರಲ್ಲಿ ನೊಬೆಲ್ ಬಂದಾಗ, “ನನ್ನದು ಅವರ ಪುಡಿಗೆ ದೂರದ ನೆಂಟ, ಅಣ್ಣಾ” ಎಂದು ಫೋನಿನಲ್ಲಿ ನಕ್ಕಿದ್ದಳು.

ಮನೆಯಲ್ಲಿ ಮಾತ್ರ ನಗು ಕಡಮೆ. ತಿಂಗಳಿಗೆ 42,000 ರೂಪಾಯಿ ಶಿಷ್ಯವೇತನ ಬರುತ್ತದೆಂದರೆ ನಮ್ಮ ತಾಯಿಗೆ ಸಮಾಧಾನವಿಲ್ಲ. “ಸಂಬಳ ಕೊಡ್ತಾರಂದ್ರ ನೌಕರಿ, ಪರೀಕ್ಷೆ ಐತಂದ್ರ ಓದು. ಇದು ಎರಡೂ ಅಲ್ಲ. ಯಾವಾಗ ಮುಗಿತೈತವ್ವಾ?” ಹರಪನಹಳ್ಳಿಯ ಕಡೆಯ ಒಂದು ಸಂಬಂಧದವರೂ ಇದನ್ನೇ ಕೇಳಿ, ಉತ್ತರ ಬಾರದೆ ಬೇರೆಡೆ ಹೋದರು. ಸಿ.ಎನ್.ಆರ್. ರಾವ್ ಅವರು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ ಮೂರು ವರ್ಷ ತುಂಬುವ ಮೊದಲೇ, 1958ರಲ್ಲಿ, ಡಾಕ್ಟರೇಟ್ ಮುಗಿಸಿದರೆಂದು ನಾನೊಮ್ಮೆ ಜಾಣತನದಿಂದ ಹೇಳಿದೆ. “ಅವರು ಮುಗಿಸಿದರು. ನೀನು ಮುಗಿಸಿದೆಯಾ, ಅಣ್ಣಾ?” ಎಂದಳು. ಟ್ರಂಕು ನೆನಪಾಗಿ ಸುಮ್ಮನಾದೆ.

ಕಳೆದ ಚಳಿಗಾಲದ ಒಂದು ರಾತ್ರಿ ಆಕೆಯ ಧ್ವನಿ ಬೇರೆಯಾಗಿತ್ತು. ಭಟ್ಟಿ ಇಳಿಸಿದ ನೀರಿಗೆ ತಾವೇ ಸೋಡಿಯಂ ಫ್ಲೋರೈಡ್ ಬೆರೆಸಿ ಪರೀಕ್ಷಿಸಿದಾಗ ಪುಡಿ ಅದ್ಭುತವಾಗಿ ಕೆಲಸ ಮಾಡಿತ್ತು; ಲೇಖನವೂ ಅಚ್ಚಾಗಿತ್ತು. ಆಮೇಲೆ ನಮ್ಮೂರ ಬಾವಿಯ ನೀರನ್ನು ಹಾಕಿ ನೋಡಿದ್ದಾಳೆ. ಅರ್ಧದಷ್ಟೂ ಹಿಡಿಯಲಿಲ್ಲ. ನಮ್ಮ ನೀರಿನಲ್ಲಿ ಬೈಕಾರ್ಬೊನೇಟ್ ಹೇರಳ, ಮೇಲಾಗಿ ಅದು ಕ್ಷಾರೀಯ. ಫ್ಲೋರೈಡ್ ಕೂರಬೇಕಾದ ಜಾಗಕ್ಕೆ ನೂಕುನುಗ್ಗಲು.

“ನಮ್ಮೂರ ನೀರೇ ನನ್ನ ಸೋಲಿಸ್ತು, ಅಣ್ಣಾ.”

ಆಕೆಯ ಮಾರ್ಗದರ್ಶಕರು ಒಳ್ಳೆಯವರು. ಇರುವ ಫಲಿತಾಂಶಗಳಿಂದಲೇ ಪ್ರಬಂಧ ಬರೆದರೆ ಪದವಿಗೆ ತೊಂದರೆಯಿಲ್ಲ. ಊರ ನೀರಿನ ಬೆನ್ನು ಹತ್ತಿದರೆ ಇನ್ನೊಂದು ವರ್ಷ ಬೇಕು. ಆಯ್ಕೆ ನಿನ್ನದು ಎಂದಿದ್ದರು. ಬರೆದು ಮುಗಿಸೆಂದು ನಾನೂ ಹೇಳಿದೆ. ಹೇಳಿದ ಮೇಲೆ ಅಂದು ಸರಿಯಾಗಿ ನಿದ್ದೆ ಬರಲಿಲ್ಲವೆಂಬುದನ್ನೂ ಒಪ್ಪಿಕೊಳ್ಳಬೇಕು.

ಕೊಟ್ಟೂರೇಶ್ವರನ ತೇರಿಗೆ ಬಂದವಳು ಎರಡು ದಿನ ಆ ಮಾತನ್ನೇ ಎತ್ತಲಿಲ್ಲ. ತಾಯಿಯೊಡನೆ ಹಡಗಲಿಯ ಮಲ್ಲಿಗೆ ಕಟ್ಟಿದಳು, ಮಂಡಕ್ಕಿ ಮಿರ್ಚಿ ತಿಂದಳು. ಮೂರನೆಯ ದಿನ ಬೆಳಗ್ಗೆ ನೋಡಿದರೆ ಅಂಗಳದಲ್ಲಿ ಇಪ್ಪತ್ತು ಲೀಟರಿನ ಎರಡು ಕ್ಯಾನು. ಬಾವಿಯಿಂದ ತುಂಬಿ ತಂದಿದ್ದವರು ತಂದೆ.

ಕೊಟ್ಟೂರಿನ ನಿಲ್ದಾಣದಲ್ಲಿ ಕಂಡಕ್ಟರು ಕ್ಯಾನನ್ನು ತಟ್ಟಿ ನೋಡಿದ.

“ಏನಮ್ಮಾ, ಎಣ್ಣಿ ಏನು?”

“ನೀರು.”

“ನೀರಾ! ಬೆಂಗ್ಳೂರಿಗಾ?” ಎಂದವನು ತಲೆ ಕೆರೆದುಕೊಂಡ. 2023ರಿಂದ ಹೆಣ್ಣುಮಕ್ಕಳ ಪ್ರಯಾಣಕ್ಕೆ ಹಣವಿಲ್ಲ. ನೀರಿಗೆ ಮಾತ್ರ ಲಗೇಜ್ ಚೀಟಿ ಹರಿದು ಕೊಟ್ಟ. ತಂಗಿ ಅದನ್ನು ಮಡಿಸಿ ಪುಸ್ತಕದೊಳಗೆ ಇಟ್ಟುಕೊಂಡಳು.

ಬಸ್ಸು ಹೊರಟಿತು. ತಂದೆಯವರು ಕಾಲು ಕಾಲು ಎತ್ತಿಡುತ್ತ, ಇಡೀ ಮೈಯನ್ನು ತಿರುಗಿಸುತ್ತ, ಅದು ರಸ್ತೆಯ ತಿರುವು ದಾಟುವವರೆಗೂ ನೋಡುತ್ತಲೇ ನಿಂತಿದ್ದರು.