5 ಎಲ್ಲಿ ಹೋಯ್ತು?

(3, 5) ಬಿಂದುವಿನ ಮೂಲಕ ಹೋಗುವ ಲಂಬ ರೇಖೆಯ ಸಮೀಕರಣ: ಎಕ್ಸ್ = 3. ನಾವೆಲ್ಲ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ದೀವಿ. ಭಾಲ್ಕಿಯಲ್ಲಿ ಪಿಯುಸಿ ಓದುವ ಚಿಕ್ಕಪ್ಪನ ಮಗಳು ಮಾತ್ರ ಕೇಳಿದಳು: "ಅಣ್ಣಾ, 5 ಎಲ್ಲಿ ಹೋಯ್ತು?" ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂ, ಈಗ ಸೈನ್ಸ್ ಬಿಡ್ತೀನಿ ಅಂತಿದ್ದಳು. ನಂದು ಇಂಗ್ಲಿಷ್ ಮೀಡಿಯಂ, ಕನ್ನಡದಲ್ಲಿ ಗಣಿತ ಹೇಳಿ ಅಭ್ಯಾಸವಿಲ್ಲ.

ಬೀದರ್‌ನ ನೌಬಾದ್ ಕರೇಜ್ ನೆನಪಾಯ್ತು. 15ನೇ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ ಕೊರೆದ ನೀರಿನ ಸುರಂಗ ಅದು. ಮೇಲಿನಿಂದ ಸುರಂಗಕ್ಕೆ ಅಲ್ಲಲ್ಲಿ ನೆಟ್ಟಗೆ ಇಳಿಯುವ ಬಾವಿಗಳಿವೆ. "ಅದರಲ್ಲಿ ಕೊಡ ಇಳಿಸು" ಅಂದೆ. "ಆಳ ಬದಲಾಗುತ್ತೆ, ಅದು ವೈ. ಕೊಡ ಎಡಕ್ಕೋ ಬಲಕ್ಕೋ ಸರಿಯಲ್ಲ, ಅದು ಎಕ್ಸ್. ವೈ 5 ಇರಲಿ, 50 ಇರಲಿ, ಎಕ್ಸ್ ಮಾತ್ರ 3." 5 ಕಳೆದುಹೋಗಿಲ್ಲ, ವೈಗೆ ಸಿಗುವ ಲೆಕ್ಕವಿಲ್ಲದಷ್ಟು ಬೆಲೆಗಳಲ್ಲಿ ಅದೂ ಒಂದು. ಇನ್ನು ಇಳಿಜಾರು ಲೆಕ್ಕ ಹಾಕಿದರೆ ಎಕ್ಸ್‌ನ ವ್ಯತ್ಯಾಸ ಸೊನ್ನೆ, ಸೊನ್ನೆಯಿಂದ ಭಾಗಿಸೋಕಾಗಲ್ಲ. ಅದಕ್ಕೇ ಇಲ್ಲಿ ವೈ = ಎಂಎಕ್ಸ್ + ಸಿ ನಡೆಯಲ್ಲ. ತಂಗಿ ಸದ್ಯಕ್ಕೆ ಸೈನ್ಸ್ ಬಿಟ್ಟಿಲ್ಲ.

ಔರಾದ್, ಭಾಲ್ಕಿ ಕಡೆಯಿಂದ ಬಂದು ನಮ್ಮ ಕ್ಲಾಸಿನ ಹಿಂದಿನ ಬೆಂಚಲ್ಲಿ ಸುಮ್ಮನೆ ಕೂತವರಲ್ಲೂ ಇಂಥ ಪ್ರಶ್ನೆಗಳಿರುತ್ತವೆ. ಇಂಗ್ಲಿಷ್‌ನಲ್ಲಿ ಕೇಳೋಕೆ ಸಂಕೋಚ. ಪಕ್ಕದಲ್ಲಿ ಕೂತು ಕನ್ನಡದಲ್ಲಿ ಒಂದು ಲೆಕ್ಕ ಬಿಡಿಸಿ ನೋಡಿ.