ಅಬ್ಬಾ ಬರೆದ ಅಕ್ಷರಗಳು

ಕಡೂರಿನ ಪೇಟೆಯಲ್ಲಿ ಒಂದು ಕೊಬ್ಬರಿ ಅಂಗಡಿಯಿದೆ. ಅದರ ಮೇಲೆ ಮೂವತ್ತು ವರ್ಷ ಒಂದು ತಗಡಿನ ಬೋರ್ಡು ತೂಗಿತ್ತು. ಹಸಿರು ನೆಲದ ಮೇಲೆ ಹಳದಿ ಅಕ್ಷರಗಳು, ಬಲಬದಿಗೆ ಕೆಂಪು ನೆರಳು, ಸುತ್ತ ಒಂದು ಕೆಂಪು ಅಂಚು. ಮೇಲಿನ ಸಾಲಿನಲ್ಲಿ ಅಂಗಡಿಯ ಹೆಸರು, ಕೆಳಗಿನ ಸಾಲಿನಲ್ಲಿ ‘ಕೊಬ್ಬರಿ ಮತ್ತು ತೆಂಗಿನಕಾಯಿ ವ್ಯಾಪಾರಿಗಳು’. 1994ರಲ್ಲಿ ಅದನ್ನು ಬರೆದವರು ನಮ್ಮ ಅಬ್ಬಾ.

ನಾವು ಅಣ್ಣ-ತಂಗಿ ಇಬ್ಬರೂ ಶಾಲೆಗೆ ಹೋಗುವಾಗ ಆ ಬೋರ್ಡಿನ ಕೆಳಗೇ ಹಾದುಹೋಗುತ್ತಿದ್ದೆವು. ಮನೆಯಲ್ಲಿ ನಮ್ಮ ಮಾತು ದಖನಿ ಉರ್ದು. ಆದರೆ ಅಬ್ಬಾನ ಕೈ ಜೀವನಪೂರ್ತಿ ಬರೆದದ್ದು ಕನ್ನಡವನ್ನೇ. ಲಾರಿಗಳ ಹಿಂಬದಿ, ಗೊಬ್ಬರದ ಅಂಗಡಿ, ಗಣಪತಿ ಪೆಂಡಾಲು, ಈದ್ ಶುಭಾಶಯದ ಬಟ್ಟೆ, ಚುನಾವಣೆಯ ಗೋಡೆ, ಹೀಗೆ ಅವರ ಅಕ್ಷರ ಕಾಣದ ಬೀದಿ ನಮ್ಮೂರಲ್ಲಿ ಇರಲಿಲ್ಲ. ಬೀರೂರು, ತರೀಕೆರೆಯಿಂದಲೂ ಜನ ಹುಡುಕಿಕೊಂಡು ಬರುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಎರಡು ದಿನದ ಕೆಲಸ ಅರ್ಧ ಗಂಟೆಗೆ ಇಳಿಯಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸನ್ನು ನಿಷೇಧಿಸಿದಾಗ ನಾವು ಸ್ವಲ್ಪ ಆಸೆಪಟ್ಟಿದ್ದೆವು. ಆದರೆ ಹೋದ ಗಿರಾಕಿಗಳು ಕುಂಚದ ಕಡೆಗೆ ಮರಳಿ ಬರಲಿಲ್ಲ. ಅಷ್ಟರಲ್ಲಿ ಅಬ್ಬಾನ ಬಲಗೈಗೂ ನಡುಕ ಶುರುವಾಯಿತು. ಒಂದು ದಿನ ಕುಂಚಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿ, ಅಟ್ಟಕ್ಕೆ ಹಾಕಿದರು. ಆ ಬಗ್ಗೆ ಏನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

2024ರ ಬೇಸಿಗೆಯಲ್ಲಿ ಕೊಬ್ಬರಿ ಅಂಗಡಿಯ ಯಜಮಾನರು ನಮ್ಮನ್ನು ಕರೆದು, ಬೋರ್ಡು ಇಳಿಸುತ್ತಿದ್ದೇವೆ ಎಂದರು. ತಗಡಿನ ಕೆಳಭಾಗ ತುಕ್ಕು ಹಿಡಿದು ಜಾಳಾಗಿತ್ತು. ಇಳಿಸುವಾಗಲೇ ಹರಿದುಹೋಗುವುದು ಖಚಿತ. ಹೊಸದು ದೀಪ ಇರುವ ಬೋರ್ಡು, ಅಕ್ಷರಗಳನ್ನು ಮಿಷನ್ನಿನಲ್ಲಿ ಕತ್ತರಿಸಿ ಅಂಟಿಸುವುದು. “ನನಗೆ ನಿಮ್ಮ ತಂದೆಯ ಅಕ್ಷರವೇ ಬೇಕು. ಹಳ್ಳಿಯವರು ಅದನ್ನು ನೋಡಿಯೇ ಅಂಗಡಿ ಗುರುತು ಹಿಡಿಯೋದು. ಫೋಟೋ ಕೊಟ್ಟರೆ ಆಗಲ್ಲವಂತೆ, ಏನೋ ವೆಕ್ಟರ್ ಫೈಲ್ ಬೇಕಂತೆ. ಹತ್ತು ದಿನದಲ್ಲಿ ಮಾಡಿಕೊಡ್ತೀರಾ?” ಎಂದು ಕೇಳಿದರು. ನಾವು ಹೂಂ ಅಂದುಬಿಟ್ಟೆವು. ವೆಕ್ಟರ್ ಎಂದರೇನು ಎಂದು ಆ ದಿನ ನಮಗೆ ಸರಿಯಾಗಿ ಗೊತ್ತಿರಲಿಲ್ಲ.

ಫೋಟೋ ಎಂಬುದು ಬಣ್ಣದ ಸಣ್ಣ ಸಣ್ಣ ಚೌಕಗಳ ರಾಶಿ. ಹಿಗ್ಗಿಸಿದರೆ ಆ ಚೌಕಗಳೇ ಕಣ್ಣಿಗೆ ರಾಚುತ್ತವೆ. ವೆಕ್ಟರ್ ಹಾಗಲ್ಲ. ಅಲ್ಲಿ ಚಿತ್ರವೆಂದರೆ ಲೆಕ್ಕ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಇವುಗಳ ನಡುವೆ ಗೆರೆ ಹೇಗೆ ಬಾಗಬೇಕೆಂದು ಹೇಳಲು ಎರಡು ಹಿಡಿಗಳು, ಅಷ್ಟೆ. ಬೆರಳಿನಷ್ಟು ಮಾಡಿದರೂ ಬಸ್ಸಿನಷ್ಟು ಮಾಡಿದರೂ ಗೆರೆ ಒಡೆಯುವುದಿಲ್ಲ. ಈ ಬಾಗುಗೆರೆ ಹುಟ್ಟಿದ್ದು ಫ್ರಾನ್ಸಿನ ಕಾರು ಕಾರ್ಖಾನೆಗಳಲ್ಲಿ. ಸಿಟ್ರೊಯೆನ್ ಕಂಪೆನಿಯ ಪಾಲ್ ದ ಕಾಸ್ತೆಲ್ಜೊ 1959ರಲ್ಲೇ ಈ ಲೆಕ್ಕವನ್ನು ಕಂಡುಕೊಂಡಿದ್ದರು. ಕಂಪೆನಿ ಅದನ್ನು ಗುಟ್ಟಾಗಿಟ್ಟಿತು. ರೆನೋ ಕಂಪೆನಿಯ ಪಿಯರ್ ಬೆಝಿಯರ್ ಅದೇ ದಾರಿಯಲ್ಲಿ ನಡೆದು 1960ರ ದಶಕದಲ್ಲಿ ಲೋಕಕ್ಕೆ ತಿಳಿಸಿದ್ದರಿಂದ ಗೆರೆಗೆ ಅವರ ಹೆಸರೇ ನಿಂತಿತು. ಕಾರಿನ ಮೈ ತಿದ್ದಲು ಮಾಡಿದ ಈ ಲೆಕ್ಕವೇ ಇಂದು ನಮ್ಮ ಮೊಬೈಲಿನ, ಪತ್ರಿಕೆಗಳ ಕನ್ನಡ ಅಕ್ಷರಗಳ ಒಳಗೂ ಇದೆ.

ಹಳೆಯ ಲ್ಯಾಪ್‌ಟಾಪಿಗೆ ಇಂಕ್‌ಸ್ಕೇಪ್ ಹಾಕಿಕೊಂಡೆವು. 2003ರಲ್ಲಿ ಶುರುವಾದ ಈ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ, ಅದೇ ನಮಗೆ ದೊಡ್ಡ ಅನುಕೂಲ. ಅಂಗಡಿಯ ಮುಂದೆ ನಿಂತು ಮೊಬೈಲಿನಲ್ಲಿ ಫೋಟೋ ತೆಗೆದೆವು. ಮೊದಲು ಸುಲಭದ ದಾರಿ ನೋಡಿದೆವು. ಕಂಪ್ಯೂಟರೇ ಫೋಟೋ ನೋಡಿ ಗೆರೆ ಎಳೆದುಕೊಡುವ ಗುಂಡಿ ಅದರಲ್ಲಿದೆ. ಒತ್ತಿದೆವು. ಅದು ಅಕ್ಷರದ ಜೊತೆಗೆ ತುಕ್ಕು, ಧೂಳು, ಗುಬ್ಬಿಯ ಹಿಕ್ಕೆ ಎಲ್ಲವನ್ನೂ ಶ್ರದ್ಧೆಯಿಂದ ಎಳೆದುಕೊಟ್ಟಿತು.

ಹಾಗಾದರೆ ಕೈಯಲ್ಲೇ ಆಗಲಿ ಎಂದು ಫೋಟೋವನ್ನು ಕೆಳಗಿನ ಪದರದಲ್ಲಿಟ್ಟು, ಮಸುಕು ಮಾಡಿ, ಅಲುಗದಂತೆ ಬೀಗ ಹಾಕಿ, ಅದರ ಮೇಲೆ ಪೆನ್ ಹಿಡಿದು ಕುಳಿತೆವು. ಪೆನ್ ಎಂದರೆ ಮೌಸು. ‘ಕೊ’ ಒಂದಕ್ಕೇ ಇಡೀ ರಾತ್ರಿ ಹೋಯಿತು. ಅಂಚಿಗೆ ಒತ್ತೊತ್ತಾಗಿ ಚುಕ್ಕೆ ಇಡುತ್ತಾ ಹೋದೆವು. ಎಣಿಸಿದರೆ ಎಪ್ಪತ್ತೆರಡು. ಅಷ್ಟು ಚುಕ್ಕೆಯಿದ್ದರೂ ಗೆರೆ ಮಾತ್ರ ಇಲಿ ಕಚ್ಚಿದ ರೊಟ್ಟಿಯ ಅಂಚಿನ ಹಾಗಿತ್ತು.

ಬೆಳಿಗ್ಗೆ ಅಬ್ಬಾ ನಮಾಜ್ ಮುಗಿಸಿ ಬಂದವರು ನಮ್ಮ ಹಿಂದೆ ನಿಂತರು. ಈ ಕೆಲಸ ಅವರಿಗೆ ನೋವು ಕೊಡಬಹುದೆಂದು ನಾವು ಹೇಳಿರಲಿಲ್ಲ. ಸ್ವಲ್ಪ ಹೊತ್ತು ನೋಡಿ, “ಇಷ್ಟೊಂದು ಕಡೆ ಯಾಕೆ ನಿಲ್ಲಿಸ್ತೀರಿ? ಕುಂಚ ಅಷ್ಟು ಕಡೆ ನಿಂತರೆ ಬಣ್ಣ ಗೆಡ್ಡೆ ಕಟ್ಟುತ್ತೆ. ತಿರುಗಿಸೋ ಕಡೆ ಒಂದು, ಎತ್ತೋ ಕಡೆ ಒಂದು. ಮಿಕ್ಕಿದ್ದು ಒಂದೇ ಉಸಿರಲ್ಲಿ ಹೋಗಬೇಕು” ಎಂದರು.

ಅವರು ಹೇಳಿದ ಹಾಗೆ ಮಾಡಿದೆವು. ಬಾಗು ತೀರಾ ಎಡಕ್ಕೆ, ತೀರಾ ಬಲಕ್ಕೆ, ತೀರಾ ಮೇಲಕ್ಕೆ, ತೀರಾ ಕೆಳಕ್ಕೆ ಮುಟ್ಟುವ ಜಾಗಗಳಲ್ಲಿ ಒಂದೊಂದು ಚುಕ್ಕೆ, ನಡುವೆ ಹಿಡಿ ಎಳೆದು ಹೊಂದಿಸುವುದು. ಎಪ್ಪತ್ತೆರಡು ಇಪ್ಪತ್ತಾಯಿತು. ‘ಕೊ’ ದುಂಡಗೆ ಎದ್ದು ನಿಂತಿತು. ಆಮೇಲೆ ವೆಕ್ಟರ್ ಕಲಿಸುವ ಪಾಠಗಳನ್ನು ಓದಿದರೆ ಅಲ್ಲೂ ಇದೇ ಮಾತು: ಚುಕ್ಕೆ ಕಡಿಮೆ ಇಡಿ, ಬಾಗಿನ ತುದಿಗಳಲ್ಲಿ ಇಡಿ. ಕಂಪ್ಯೂಟರ್ ಮುಟ್ಟದ ಮನುಷ್ಯನಿಗೆ ಇದು ಮೊದಲೇ ಗೊತ್ತಿತ್ತು.

ನಾಲ್ಕು ದಿನಕ್ಕೆ ಎರಡೂ ಸಾಲು ಮುಗಿಯಿತು. ಹೆಮ್ಮೆಯಿಂದ ತೋರಿಸಿದೆವು. ಅಬ್ಬಾ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, “ಇದು ನಾನು ಬರೆದಿದ್ದಲ್ಲ” ಎಂದರು.

ನಮಗೆ ಅಳು ಬರುವುದೊಂದು ಬಾಕಿ. ಗೆರೆ ಗೆರೆಯೂ ಫೋಟೋದ ಮೇಲೇ ಕೂತಿದೆಯಲ್ಲ! ಅವರು ಬೆರಳಿಟ್ಟು ತೋರಿಸಿದರು. ತಲೆಕಟ್ಟುಗಳೆಲ್ಲ ಚಿಕ್ಕದಾಗಿದ್ದವು, ಎರಡು ತುದಿಯ ಅಕ್ಷರಗಳು ಒಳಕ್ಕೆ ವಾಲಿದ್ದವು, ಮೇಲಿನ ಸಾಲು ಕುಗ್ಗಿತ್ತು. ನಾವು ಬೋರ್ಡಿನ ಕೆಳಗೆ ನಿಂತು, ಮೊಬೈಲನ್ನು ಮೇಲಕ್ಕೆ ಎತ್ತಿ ಫೋಟೋ ತೆಗೆದಿದ್ದೆವು. ದೂರದ್ದು ಚಿಕ್ಕದಾಗಿ ಕಾಣುವುದು ಕ್ಯಾಮರಾದ ಸ್ವಭಾವ. ಗೆರೆ ಫೋಟೋಗೆ ನಿಷ್ಠವಾಗಿತ್ತು, ಬೋರ್ಡಿಗೆ ಅಲ್ಲ. ನಾವು ಎಳೆದದ್ದು ಅಬ್ಬಾನ ಅಕ್ಷರವನ್ನಲ್ಲ, ಕೆಳಗೆ ನಿಂತು ನಮಗೆ ಕಂಡದ್ದನ್ನು.

“ಎದುರಿನ ಮಾಳಿಗೆ ಹತ್ತಿ, ಬೋರ್ಡಿನ ಎತ್ತರಕ್ಕೆ ನಿಂತು ತೆಗೀರಿ. ದೂರದಿಂದ ತೆಗೀರಿ” ಎಂದರು ಅಬ್ಬಾ. ಅಷ್ಟೇ ಅಲ್ಲ, ತಾವೂ ಚಪ್ಪಲಿ ಮೆಟ್ಟಿಕೊಂಡು ಹೊರಟರು. ಬೋರ್ಡು ಇಳಿಸಲು ಎರಡೇ ದಿನ ಬಾಕಿಯಿತ್ತು. ಸಂಜೆಯ ಎಳೆಬಿಸಿಲಿನಲ್ಲಿ, ಎದುರಿನ ಬಟ್ಟೆ ಅಂಗಡಿಯ ಮಹಡಿಯಿಂದ, ಲೆನ್ಸನ್ನು ಮುಂದಕ್ಕೆಳೆದು ನೇರವಾಗಿ ತೆಗೆದೆವು. ಅಬ್ಬಾ ಕಂಬಿ ಹಿಡಿದು ತಮ್ಮ ಬೋರ್ಡನ್ನು ಅದರ ಎತ್ತರದಲ್ಲೇ ನಿಂತು ನೋಡಿದ್ದು ಏಣಿಯಿಂದ ಇಳಿದ ಮೇಲೆ ಅದೇ ಮೊದಲಿರಬೇಕು.

ಮತ್ತೆ ಮೊದಲಿನಿಂದ ಎಳೆದೆವು. ಈ ಸಲ ಎರಡೇ ರಾತ್ರಿ ಸಾಕಾಯಿತು. ಅಬ್ಬಾ ಪಕ್ಕದಲ್ಲೇ ಕೂತಿದ್ದರು. ತಗಡಿಗೆ ರೆಡ್ ಆಕ್ಸೈಡ್ ಬಳಿದದ್ದು, ಸುಣ್ಣದ ದಾರ ಹೊಡೆದು ಗೆರೆ ಹಾಕಿದ್ದು, ಕೈ ಆನಿಸಲು ಕೋಲು ಹಿಡಿದದ್ದು, ಎಲ್ಲ ಹೇಳಿದರು. ಕೆಲಸ ಮುಗಿಯುತ್ತಾ ಬಂದಾಗ ‘ಬ್ಬ’ದ ಒತ್ತನ್ನು ತೋರಿಸಿ, “ಇದನ್ನು ಸರಿ ಮಾಡೋಕೆ ಆಗುತ್ತಾ?” ಎಂದು ಮೆಲ್ಲಗೆ ಕೇಳಿದರು.

ಆಮೇಲೆ ತಿಳಿಯಿತು. ಅವತ್ತು ದಾರ ಹೊಡೆಯುವಾಗ ಒತ್ತಕ್ಷರಗಳಿಗೆ ಕೆಳಗೆ ಜಾಗ ಬಿಡುವುದನ್ನು ಅವರು ಮರೆತಿದ್ದರು. ಅಂಚಿನ ಬಣ್ಣ ಆಗಲೇ ಒಣಗಿತ್ತು. ‘ಬ್ಬ’, ‘ತ್ತು’, ‘ವ್ಯಾ’, ಮೂರರ ಒತ್ತನ್ನೂ ಅಂಚಿಗೆ ತಾಗದಂತೆ ಅಮುಕಿ, ಚಪ್ಪಟೆ ಮಾಡಿ ಬರೆದಿದ್ದರು. ಯಜಮಾನರಿಗೆ ಗೊತ್ತಾಗಲಿಲ್ಲ. ಮೂವತ್ತು ವರ್ಷ ಆ ಬೀದಿಯಲ್ಲಿ ಹಾದುಹೋದವರಿಗೂ ಗೊತ್ತಾಗಲಿಲ್ಲ. ಅಬ್ಬಾ ಮಾತ್ರ ಪ್ರತಿ ಸಲವೂ ಅದನ್ನೇ ನೋಡುತ್ತಿದ್ದರಂತೆ.

ನಮ್ಮಿಬ್ಬರಿಗೂ ಅದು ಹಾಗೇ ಇರಲಿ ಅನ್ನಿಸಿತು. ಆ ಚಪ್ಪಟೆ ಒತ್ತು ನೋಡಿಯೇ ನಾವು ಬೆಳೆದದ್ದು. ಹಾಗೆಂದೂ ಬಿಟ್ಟೆವು. ಅಬ್ಬಾ ಒಪ್ಪಲಿಲ್ಲ. “ಅವರು ದುಡ್ಡು ಕೊಟ್ಟಿದ್ದು ಸರಿಯಾದ ಅಕ್ಷರಕ್ಕೆ” ಎಂದರು.

ಅಂಚನ್ನು ಕೆಳಕ್ಕೆ ಸರಿಸಿದೆವು. ಮೂರು ಒತ್ತುಗಳ ಚುಕ್ಕೆಗಳನ್ನು ಹಿಡಿದು, ಅಬ್ಬಾ ‘ಇನ್ನೂ, ಇನ್ನೂ ಸ್ವಲ್ಪ’ ಎನ್ನುತ್ತಾ ಹೋದ ಹಾಗೆ ಎಳೆದೆವು. ‘ಸಾಕು’ ಎಂದಾಗ ಅವರ ನಡುಗುವ ಕೈ ಮೌಸಿನ ಮೇಲಿದ್ದ ನಮ್ಮ ಕೈಯ ಮೇಲಿತ್ತು.

ಹೊಸ ಬೋರ್ಡು ಈಗ ರಾತ್ರಿಯೂ ಬೆಳಗುತ್ತದೆ. ಯಜಮಾನರು ಹಣ ಕೊಡಲು ಬಂದಾಗ ಅಬ್ಬಾ ಹಳೆಯ ಬಾಕಿ ತೀರಿತು ಎಂದು ನಕ್ಕು ಕಳಿಸಿದರು. ಯಾವ ಬಾಕಿ ಎಂದು ಅವರಿಗೆ ಅರ್ಥವಾಗಲಿಲ್ಲ. ಊರಿನಲ್ಲಿ ಅಬ್ಬಾ ಬರೆದ ಬೋರ್ಡುಗಳು ಇನ್ನೂ ಒಂಬತ್ತು ಉಳಿದಿವೆ. ಭಾನುವಾರಗಳಲ್ಲಿ ಎದುರುಬದುರಿನ ಮಾಳಿಗೆ ಹತ್ತಲು ಅನುಮತಿ ಕೇಳುತ್ತಾ ನಾವು ಅಲೆಯುತ್ತಿದ್ದೇವೆ. ಅಬ್ಬಾ ಕೆಳಗೆ ನಿಂತು, ಯಾವ ಬೋರ್ಡಿನಲ್ಲಿ ಎಲ್ಲಿ ತಪ್ಪಿದೆ ಎಂದು ಮೊದಲೇ ಹೇಳಿಬಿಡುತ್ತಾರೆ.